ಬ್ಲಾಗು ಹೋಯಿತು, ವ್ಲಾಗು ಬಂತು

ಏಪ್ರಿಲ್ ಬಂತೆಂದರೆ ನನಗೆ ಎರಡು ಕೆಲಸ ತಪ್ಪಿದ್ದಲ್ಲ. ಒಂದು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ, ಇನ್ನೊಂದು ಸಂಡಿಗೆ. ಮೊದಲನೆಯದನ್ನು ಸರ್ಕಾರ ಮಾಡಿಸುತ್ತದೆ, ಎರಡನೆಯದನ್ನು ತಿಪಟೂರಿನ ಬಿಸಿಲು ಮಾಡಿಸುತ್ತದೆ. ಎರಡರಲ್ಲೂ ಅಳತೆ ತಪ್ಪಿದರೆ ವರ್ಷವಿಡೀ ಮಾತು ಕೇಳಬೇಕು.

2024ರ ಏಪ್ರಿಲ್‌ನಲ್ಲಿ ನನಗೆ ಅಳತೆಯೇ ಕೈಕೊಟ್ಟಿತು. ನನ್ನ ಅಡುಗೆ ನೋಟುಬುಕ್ಕಿನಲ್ಲಿ ಅಕ್ಕಿ ಸಂಡಿಗೆಯ ಹಾಳೆಯೊಂದನ್ನು ಅಂಟಿಸಿಟ್ಟಿದ್ದೇನೆ. ಅದು ಕೈಬರಹದ್ದಲ್ಲ, 2009ರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಐದು ರೂಪಾಯಿ ಕೊಟ್ಟು ಪ್ರಿಂಟು ತೆಗೆಸಿದ್ದು. ಹದಿನೈದು ವರ್ಷದ ಎಣ್ಣೆ, ಅರಿಶಿನ, ಒದ್ದೆ ಕೈ ಎಲ್ಲವನ್ನೂ ಕುಡಿದು ಆ ಹಾಳೆ ಹಪ್ಪಳದ ಹಾಗಾಗಿದೆ. ‘ಒಂದು ಲೋಟ ಹಿಟ್ಟಿಗೆ’ ಎಂಬಲ್ಲಿಯವರೆಗೆ ಓದಲು ಬರುತ್ತದೆ. ಮುಂದಿನ ಅಂಕಿ ಕಲೆಯೊಳಗೆ ಮುಳುಗಿಹೋಗಿದೆ. ಐದೋ, ಆರೋ? ಇಷ್ಟು ವರ್ಷ ನನಗದು ಬಾಯಿಪಾಠವಾಗಿತ್ತು. ಐವತ್ತು ದಾಟಿದ ಮೇಲೆ ತಲೆಯಲ್ಲೂ ಎಣ್ಣೆ ಕಲೆ ಬೀಳುತ್ತದೋ ಏನೋ.

ಮಗ, “ಅಮ್ಮಾ, ಯಾವ ಕಾಲದಲ್ಲಿದ್ದೀಯ? ಯೂಟ್ಯೂಬಿನಲ್ಲಿ ಸಾವಿರ ಸಂಡಿಗೆ ಇವೆ” ಎಂದು ಫೋನನ್ನು ರಾಗಿ ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟು ಕೆಲಸಕ್ಕೆ ಹೋದ. ಹದಿನಾಲ್ಕು ನಿಮಿಷದ ವಿಡಿಯೋ. ಮೊದಲ ಎರಡು ನಿಮಿಷ ಆ ಹೆಣ್ಣುಮಗಳು ನಮಸ್ಕಾರ ಹೇಳಿದರು, ಗಂಟೆಯ ಗುರುತು ಒತ್ತಲು ಹೇಳಿದರು, ತಮ್ಮೂರಿನ ಸೆಕೆಯ ವಿಚಾರ ಹೇಳಿದರು, ಉಟ್ಟ ಸೀರೆ ಎಲ್ಲಿ ಕೊಂಡದ್ದೆಂದು ಹೇಳಿದರು. ಆಮೇಲೆ ಚಿನ್ನದ ಸಾಲದ ಜಾಹೀರಾತು. ನಾನು ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಮುಂದಕ್ಕೆ ಓಡಿಸೋಣವೆಂದು ಮೊಣಕೈಯಿಂದ ತಳ್ಳಿದರೆ ಫೋನು ಜಾರಿ ಡಬ್ಬದ ಹಿಂದೆ ಬಿತ್ತು. ಎತ್ತಿ ನಿಲ್ಲಿಸುವಷ್ಟರಲ್ಲಿ ಆಕೆ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ಹಿಂದಕ್ಕೆ ತಿರುಗಿಸಿದೆ. ಮತ್ತೆ ಚಿನ್ನದ ಸಾಲ. ಅಂತೂ ಇಂತೂ ನೀರಿನ ಘಟ್ಟ ಬಂತು. ಆಕೆ ಒಂದು ಸ್ಟೀಲಿನ ಪಾತ್ರೆ ಎತ್ತಿ ತೋರಿಸಿ, “ಇಷ್ಟು ನೀರು ಹಾಕ್ಕೊಳ್ಳಿ ಫ್ರೆಂಡ್ಸ್” ಎಂದರು.

ಇಷ್ಟು ಎಂದರೆ ಎಷ್ಟು?

ಎಂಟನೆಯ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ‘ಹೀಗೆ ಮಾಡಬೇಕು’ ಎಂದಷ್ಟೇ ಬರೆದರೆ ನಾನು ಅಂಕ ಕೊಡುವುದಿಲ್ಲ. ಹೀಗೆ ಎಂದರೆ ಹೇಗೆ ಎಂದು ಬರೆಯಿರಿ ಎನ್ನುತ್ತೇನೆ. ಕ್ಯಾಮೆರಾದ ಮುಂದೆ ನಿಂತವರಿಗೆ ಈ ಕಷ್ಟವಿಲ್ಲ. ಇಷ್ಟು, ಹೀಗೆ, ಈ ಹದಕ್ಕೆ ಎಂಬ ಮೂರು ಮಾತು ಗೊತ್ತಿದ್ದರೆ ಅಡುಗೆಯೇನು, ಸಂಸಾರವನ್ನೇ ತೋರಿಸಿಬಿಡಬಹುದು. ಅಂದಿನಿಂದ ಈ ವಿಚಾರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ತೋರಿಸಲು ಬರುವ ಕಡೆ ನಾವು ಮಾತು ಹುಡುಕುವುದಿಲ್ಲ. ಹಾಗಾದರೆ ತೋರಿಸಲು ಬಾರದ್ದನ್ನು ಏನು ಮಾಡುತ್ತೇವೆ?

ಬ್ಲಾಗು ಎಂದರೇನೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ತೆರೆದುಕೊಂಡು ತಮಗೆ ತೋಚಿದ್ದನ್ನು ದಿನಚರಿಯಂತೆ ಬರೆದು ಹಾಕಬಹುದಾದ ಪುಟ ಅದು. ಸಂಪಾದಕರಿಗೆ ಕಳಿಸಿ, ‘ವಿಷಾದದಿಂದ ಹಿಂದಿರುಗಿಸುತ್ತಿದ್ದೇವೆ’ ಎಂಬ ಚೀಟಿಗೆ ಕಾಯಬೇಕಾಗಿಲ್ಲ. ಬ್ಲಾಗರ್ ಎಂಬ ಸೌಲಭ್ಯ 1999ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ನಮ್ಮಲ್ಲಿ ಬರಹ, ನುಡಿ ಮುಂತಾದ ತಂತ್ರಾಂಶಗಳು ಬಂದು ಕನ್ನಡ ಟೈಪು ಮಾಡುವುದು ಸುಲಭವಾದ ಮೇಲೆ, 2005ರಲ್ಲಿ ‘ಸಂಪದ’ದಂಥ ತಾಣಗಳು ಹುಟ್ಟಿಕೊಂಡ ಮೇಲೆ, ನಾಲ್ಕಾರು ವರ್ಷ ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿಯೇ ನಡೆಯಿತು. ಅದೇ 2005ರ ಏಪ್ರಿಲ್‌ನಲ್ಲಿ ಯೂಟ್ಯೂಬಿನ ಮೊದಲ ವಿಡಿಯೋ ಬಂತು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಒಬ್ಬ ಯುವಕ ಮಾತಾಡಿದ್ದು, ಒಟ್ಟು ಹತ್ತೊಂಬತ್ತು ಸೆಕೆಂಡು. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ನಮ್ಮ ಸಂಡಿಗೆಯವರು ನಮಸ್ಕಾರವನ್ನೂ ಮುಗಿಸಿರಲಿಲ್ಲ. 2016ರ ನಂತರ ಫೋನಿನ ಡೇಟಾ ಅಗ್ಗವಾಯಿತು, ಬರೆಯುತ್ತಿದ್ದವರೆಲ್ಲ ಮಾತಾಡತೊಡಗಿದರು, ಬ್ಲಾಗು ಹೋಗಿ ವ್ಲಾಗು ಬಂತು. ಬಾಲ ಹೋಗಿ ಕತ್ತಿ ಬಂದ ಕೋತಿಯ ಕಥೆ ನೆನಪಿದೆಯಲ್ಲ? ಪಾಪ, ಅದಕ್ಕೂ ಪ್ರತಿ ಸಲವೂ ಲಾಭವೇ ಆಯಿತೆನ್ನಿಸುತ್ತಿತ್ತು.

ಹಾಗೆಂದು ಬ್ಲಾಗುಗಳೆಲ್ಲ ಚಿನ್ನವಾಗಿದ್ದವೆಂದು ನಾನೇನೂ ಹೇಳುವುದಿಲ್ಲ. ಮಳೆಯ ಮೇಲೆ ಎಷ್ಟು ಕವಿತೆ! ಮೂರು ಬರಹ ಹಾಕಿ, ‘ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ, ಕ್ಷಮಿಸಿ’ ಎಂಬ ನಾಲ್ಕನೆಯದರಲ್ಲಿ ನಿಂತುಹೋದವು ಎಷ್ಟೋ. ಕಾಗುಣಿತದ ಮಾತು ಎತ್ತದಿರುವುದೇ ವಾಸಿ.

ನಮ್ಮ ಶಾಲೆಗೆ ಕಂಪ್ಯೂಟರು ಬಂದ ಹೊಸದರಲ್ಲಿ, ಸಹೋದ್ಯೋಗಿಯೊಬ್ಬರು ಕನ್ನಡ ಅಕ್ಷರದಲ್ಲೇ ಹುಡುಕುವುದನ್ನು ಹೇಳಿಕೊಟ್ಟರು. ನಾನು ಟೈಪು ಮಾಡಿದ ಮೊದಲ ಮಾತು ‘ಅಕ್ಕಿ ಸಂಡಿಗೆ’. ಹೀಗೆ ಸಿಕ್ಕ ಬ್ಲಾಗು ಅದು. ಬರೆದವಳು ಹೆಸರು ಹಾಕಿರಲಿಲ್ಲ, ಒಂದು ಹೂವಿನ ಹೆಸರು ಇಟ್ಟುಕೊಂಡಿದ್ದಳು, ಫೋಟೋ ಇರಲಿಲ್ಲ. ಸಂಡಿಗೆಯ ಬರಹ ಒಂದು ಪುಟ. ಅಕ್ಕಿ ಎಷ್ಟು ದಿನ ನೆನೆಯಬೇಕು, ಇಂಗಿನ ನೀರು ಯಾವಾಗ ಸೇರಿಸಬೇಕು, ಹಿಟ್ಟು ಬೆಂದಿತೆಂದು ಹೇಗೆ ತಿಳಿಯಬೇಕು? ‘ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಮಗುವಿನ ಕೆನ್ನೆ ಮುಟ್ಟಿದ ಹಾಗಿರಬೇಕು’ ಎಂದು ಬರೆದಿದ್ದಳು. ಕ್ಯಾಮೆರಾ ಇದ್ದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ‘ನೋಡಿ, ಈ ಹದಕ್ಕೆ’ ಎನ್ನುತ್ತಿದ್ದಳು, ನಾವು ನೋಡುತ್ತಿದ್ದೆವು, ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ.

ಸಂಡಿಗೆಗೆಂದು ಹೋದವಳು ಅಲ್ಲೇ ಉಳಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಬರಹ ಓದುವುದು ಅಭ್ಯಾಸವಾಯಿತು. ಅವಳು ಮದುವೆಯಾಗಿ ಹುಬ್ಬಳ್ಳಿಯ ದೊಡ್ಡ ಕುಟುಂಬವೊಂದಕ್ಕೆ ಹೋದವಳು. ಅಲ್ಲಿಯ ಕಟಕ ರೊಟ್ಟಿ ಬಡಿಯಲು ಬಾರದ ಕಷ್ಟ, ಅಲ್ಲಿಯವರ ಮಾತು ಬೈಗುಳದಂತೆ ಕೇಳಿ ಮೊದಲ ತಿಂಗಳು ಅತ್ತದ್ದು, ಆಮೇಲೆ ಅದೇ ಮಾತಿನ ಅಂತಃಕರಣ ಅರ್ಥವಾದದ್ದು ಇಂಥವೇ. 2009ರ ಗಣೇಶನ ಹಬ್ಬದ ಹೊತ್ತಿಗೆ ಒಂದು ಬರಹ ಬಂತು. ಆರನೆಯ ತಿಂಗಳಲ್ಲಿ ಅವಳಿಗೆ ಮಗು ಹೋಗಿತ್ತು. ಅದಾದ ಐದು ವಾರಕ್ಕೆ ಗೌರಿಹಬ್ಬ. ಮೊರದ ಬಾಗಿನ ಕೊಡುವಾಗ ಮುತ್ತೈದೆಯರು ಸಾಲಾಗಿ ಕೂತಿದ್ದಾರೆ. ಇವಳ ಸರದಿ ಬಂದಾಗ ಯಾರೋ ಹಿರಿಯರು ಸದ್ದಿಲ್ಲದೆ ಮೊರವನ್ನು ಒಂದು ಮಣೆ ಆಚೆಗೆ ಸರಿಸಿದರಂತೆ. ಯಾರೂ ಒಂದು ಮಾತು ಆಡಲಿಲ್ಲ, ಯಾರೂ ಇವಳ ಮುಖ ನೋಡಲಿಲ್ಲ. ಒಳಗೆ ಹೋಗಿ ಕಾಯಿ ತುರಿದಳಂತೆ. ಮೂರು ಕಾಯಿ ಸಾಕೆಂದಿದ್ದರು, ಒಂಬತ್ತು ತುರಿದಿದ್ದಳು. ಅಷ್ಟೇ ಬರಹ. ಅಳು ಎಂಬ ಶಬ್ದ ಅದರಲ್ಲಿ ಒಂದು ಕಡೆಯೂ ಇಲ್ಲ. ನಾನು ಸೈಬರ್ ಸೆಂಟರಿನ ಪ್ಲೈವುಡ್ ಗೂಡಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಚೆ ಗೂಡಿನ ಹುಡುಗರು ಏನೋ ಆಟ ಆಡುತ್ತ ಕೂಗುತ್ತಿದ್ದರು.

ಅವಳು ಯಾರೆಂದು ತಿಳಿದದ್ದು ಮುಂದಿನ ವರ್ಷ. ‘ನನ್ನ ಚಿಕ್ಕಮ್ಮನಿಗೆ ಕಾಗದ ಬರೆದರೆ ಕ್ಷೇಮಸಮಾಚಾರದ ಜತೆಗೆ ನನ್ನ ಕಾಗದವೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಬರುತ್ತಿತ್ತು’ ಎಂದು ಒಂದು ಕಡೆ ಬರೆದಿದ್ದಳು. ಹಿತ್ತಲಿನ ಬಚ್ಚಲೊಲೆ, ಅದಕ್ಕೆ ಹಾಕುವ ಕರಟ, ಒಲೆಯ ಪಕ್ಕದ ಮುರಿದ ಮಣೆ ಎಲ್ಲ ನಮ್ಮನೆಯವೇ. ಕೆಂಪು ಶಾಯಿಯ ಚಿಕ್ಕಮ್ಮ ನಾನೇ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಅಕ್ಕನ ಮಗಳು ಪುಟ್ಟಿ ಇಷ್ಟನ್ನು ಹೊತ್ತುಕೊಂಡಿದ್ದದ್ದು ನಮಗೆ ಯಾರಿಗೂ ಗೊತ್ತಾಗಿರಲಿಲ್ಲವಲ್ಲ ಎನ್ನಿಸಿತು. ಆಗ ನಾವೆಲ್ಲ ಹುಬ್ಬಳ್ಳಿಗೆ ಹೋಗಿದ್ದೆವು, ಹಣ್ಣು ಕೊಟ್ಟು ‘ಎಲ್ಲ ದೇವರ ಇಚ್ಛೆ, ಇನ್ನೂ ವಯಸ್ಸಿದೆ’ ಎಂದು ಬಂದಿದ್ದೆವು. ಮೊರ ಸರಿಸಿದ್ದನ್ನು ಅವಳು ತಾಯಿಗೆ ಹೇಳಿರಲಿಲ್ಲ, ನನಗೆ ಹೇಳಿರಲಿಲ್ಲ. ಹೆಸರು ಗೊತ್ತಿಲ್ಲದ ಓದುಗರಿಗೆ ಹೇಳಿದ್ದಳು. ನಾನೂ ಗೊತ್ತಾಯಿತೆಂದು ಹೇಳಲಿಲ್ಲ. ಹೇಳಿದ್ದರೆ ಬರೆಯುವುದು ನಿಲ್ಲುತ್ತಿತ್ತು.

ಇದು ನಮ್ಮ ಹೆಂಗಸರಿಗೆ ಹೊಸದೇನೂ ಅಲ್ಲ. ಕೊಡಗಿನ ಗೌರಮ್ಮ ಕಥೆ ಬರೆಯುವಾಗ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದು ಗಂಡನ ಹೆಸರಿನ ಮರೆಯಲ್ಲಿ ನಿಂತರು. ಅನಸೂಯಾ ಶಂಕರ್ ತ್ರಿವೇಣಿಯಾದರು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಮನೆಯಲ್ಲಿದ್ದುಕೊಂಡೇ ಪತ್ರಿಕೆ ನಡೆಸಿದರು, ಪುಸ್ತಕ ಪ್ರಕಟಿಸಿದರು. ಇವರೆಲ್ಲ ಅಂಜುಬುರುಕರಲ್ಲ. ಮುಖ ಮನೆಯಲ್ಲಿರಲಿ, ಮಾತು ಊರು ತಿರುಗಲಿ ಎಂಬ ಉಪಾಯ ಕಂಡುಕೊಂಡವರು. ಬ್ಲಾಗು ಆ ಉಪಾಯವನ್ನು ಪುಟ್ಟಿಯಂಥ ಸಾಮಾನ್ಯ ಸೊಸೆಯ ಕೈಗೂ ಕೊಟ್ಟಿತು. ವ್ಲಾಗು ಮಾಡಿದ ಮೊದಲ ಕೆಲಸವೆಂದರೆ ಮುಖವನ್ನು ಮುಂದಕ್ಕೆ ಎಳೆದು ತಂದದ್ದು.

ಪುಟ್ಟಿ 2013ರಲ್ಲಿ ಬ್ಲಾಗು ನಿಲ್ಲಿಸಿದಳು. ಅಷ್ಟರಲ್ಲಿ ಮಗಳು ಹುಟ್ಟಿದ್ದಳು, ಬಿಡುವಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಗಂಡನಿಗೆ ಅರ್ಧ ಸಂಬಳವಾದಾಗ ವಿಡಿಯೋ ಶುರು ಮಾಡಿದಳು. ಈಗ ಅವಳು ಒಂದು ಮಟ್ಟಿಗೆ ಹೆಸರಾದವಳೇ. ನಾನು ಒಂದನ್ನೂ ಬಿಡದೆ ನೋಡುತ್ತೇನೆ, ಚಿಕ್ಕಮ್ಮನಾಗಿ ನೋಡದೆ ಇರಲಾಗುತ್ತದೆಯೇ? 2022ರ ಗೌರಿಹಬ್ಬದ ವಿಡಿಯೋ ಹದಿನೇಳು ನಿಮಿಷದ್ದು. ಅದೇ ಮನೆ, ಅದೇ ಹಜಾರ. ಮೊರಗಳನ್ನು ಹತ್ತಿರದಿಂದ ತೋರಿಸುತ್ತಾಳೆ. ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಧಾನ್ಯ, ಬೆಲ್ಲ ಒಂದೊಂದನ್ನೂ ಎತ್ತಿ ತೋರಿಸಿ ಎಲ್ಲಿ ಕೊಂಡದ್ದು, ಎಷ್ಟಾಯಿತು ಎಂದು ಹೇಳುತ್ತಾಳೆ. ಅತ್ತೆ ಮಣೆಯ ಮೇಲೆ ಕೂತು ನಗುತ್ತಾರೆ. ‘ನಮ್ಮನೆಯಲ್ಲಿ ಗೌರಿಹಬ್ಬ ಅಂದರೆ ನನಗೆ ತುಂಬಾ ಇಷ್ಟ ಫ್ರೆಂಡ್ಸ್’ ಎನ್ನುತ್ತಾಳೆ. ನಾನು ಅಲ್ಲಿ ವಿಡಿಯೋ ನಿಲ್ಲಿಸಿ ಅವಳ ಮುಖವನ್ನೇ ನೋಡಿದೆ. ಸುಳ್ಳು ಹೇಳುತ್ತಿದ್ದಾಳೆ ಎನ್ನಲಾರೆ. ಹದಿಮೂರು ವರ್ಷದಲ್ಲಿ ಇಷ್ಟ ಬಂದಿರಲೂಬಹುದು. ಆದರೆ ಆ ಹದಿನೇಳು ನಿಮಿಷದಲ್ಲಿ ಕಾಣದ ವಸ್ತು ಒಂದೂ ಇಲ್ಲ, ಹೇಳಿದ ಮಾತು ಒಂದೂ ಇಲ್ಲ. ಒಂದು ಪುಟದ ಬರಹದಲ್ಲಿ ಬಾಗಿನದ ಪಟ್ಟಿಯೇ ಇರಲಿಲ್ಲ, ಮೊರ ಸರಿದದ್ದು ಮಾತ್ರ ಇತ್ತು.

ಯಾಕೆ ಹೀಗೆ ಎಂದು ಯೋಚಿಸಿದ್ದೇನೆ. ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ರಾತ್ರಿ ಹನ್ನೆರಡಕ್ಕೆ, ಎಲ್ಲರೂ ಮಲಗಿದ ಮೇಲೆ, ಸದ್ದಿಲ್ಲದೆ ಬರೆಯಬಹುದು. ವಿಡಿಯೋ ಹಾಗಲ್ಲ. ಫ್ಯಾನು ನಿಲ್ಲಿಸಬೇಕು, ಕುಕ್ಕರು ಕೂಗಬಾರದು, ಅತ್ತೆಯ ಧಾರಾವಾಹಿ ಮುಗಿದಿರಬೇಕು, ಮಾವನವರು ಬನಿಯನ್ನಿನಲ್ಲಿ ಹಿಂದೆ ಹಾಯಬಾರದು. ಇಡೀ ಮನೆ ಸೇರಿ ಸುಮ್ಮನಾದರೆ ಮಾತ್ರ ಇವಳು ಮಾತಾಡಬಹುದು. ಹಾಗೆ ಸುಮ್ಮನಾದ ಮನೆಯ ಕಿವಿ ಇವಳ ಬಾಯಿಯ ಮೇಲೇ ಇರುತ್ತದೆ. ಹೀಗಿರುವಾಗ ಮನೆಯವರೆಲ್ಲ ಒಪ್ಪಿದ ಮಾತನ್ನು ಬಿಟ್ಟು ಬೇರೆ ಯಾವ ಮಾತು ಹೊರಟೀತು?

ನೋಡುವವರ ಪಾಡೂ ಅಷ್ಟೇ. ಓದುವ ಹೆಂಗಸು ಹಾಲು ಉಕ್ಕುವುದರೊಳಗೆ ಒಂದು ಪುಟ ಓದಿ, ಬೆರಳಿಟ್ಟು, ಒಲೆ ಆರಿಸಿ ಬಂದು ಅದೇ ಸಾಲಿನಿಂದ ಮುಂದುವರಿಯಬಲ್ಲಳು. ಬೇಡದ್ದನ್ನು ಕಣ್ಣಿನಲ್ಲೇ ದಾಟಿ ಹೋಗಬಲ್ಲಳು. ಗಂಡ ಪಕ್ಕದಲ್ಲೇ ಕೂತಿದ್ದರೂ ಏನು ಓದುತ್ತಿದ್ದಾಳೆಂದು ಅವರಿಗೆ ಕೇಳಿಸುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುವವಳಿಗೆ, ಮುಟ್ಟು ನಿಲ್ಲುವ ವಯಸ್ಸಿನ ಸಂಕಟ ಇರುವವಳಿಗೆ ಈ ಮೌನ ಎಷ್ಟು ದೊಡ್ಡ ಉಪಕಾರವೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಪಾಠವೊಂದನ್ನು ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿದೆ, ಆರು ನಿಮಿಷವಾಯಿತು. ಮನಸ್ಸಿನಲ್ಲೇ ಓದಿಕೊಳ್ಳಿ ಎಂದಾಗ ಚುರುಕಾದ ಮಕ್ಕಳು ಮೂರೂವರೆಗೆ ಮುಗಿಸಿ ಕಿಟಕಿಯಾಚೆ ನೋಡುತ್ತಿದ್ದರು. ನಿಧಾನದವರು ಎಂಟು ತೆಗೆದುಕೊಂಡರು. ಇಬ್ಬರಿಗೂ ಅವರವರ ವೇಗ ಸಿಕ್ಕಿತು. ವಿಡಿಯೋದಲ್ಲಿ ಎಲ್ಲರೂ ಆರು ನಿಮಿಷದವರೇ. ವೇಗ ಹೆಚ್ಚಿಸುವ ಗುಂಡಿ ಇದೆಯಂತೆ, ಮಗ ತೋರಿಸಿದ. ಒತ್ತಿದರೆ ಪುಟ್ಟಿ ಗುಬ್ಬಚ್ಚಿಯಂತೆ ಚಿಲಿಪಿಲಿ ಎಂದಳು.

ಆ ನಿಮಿಷಗಳೂ ಸುಮ್ಮನೆ ಹಿಗ್ಗಿದವಲ್ಲ. ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಜನ ಚಂದಾದಾರರಿರಬೇಕು, ಒಂದು ವರ್ಷದಲ್ಲಿ ಒಟ್ಟು ನಾಲ್ಕು ಸಾವಿರ ಗಂಟೆ ಜನ ನೋಡಿರಬೇಕು ಎಂದು ಯೂಟ್ಯೂಬು 2018ರಲ್ಲಿ ಮಾಡಿದ ಲೆಕ್ಕ. ಗಂಟೆಗಳ ಬದಲು ಚಿಕ್ಕ ಚಿಕ್ಕ ತುಣುಕುಗಳ ನೋಟದಿಂದ ಹೋಗುವ ಇನ್ನೊಂದು ದಾರಿಯನ್ನು ಆಮೇಲೆ ಕೊಟ್ಟಿದ್ದಾರೆ, ಅದಕ್ಕೆ ನೋಟಗಳು ಕೋಟಿಯ ಲೆಕ್ಕದಲ್ಲಿ ಬೇಕು. ವಿಡಿಯೋ ಎಂಟು ನಿಮಿಷವಾದರೂ ಇದ್ದರೆ ನಡುವೆ ಜಾಹೀರಾತು ತೂರಿಸಬಹುದು. 2020ರ ಜುಲೈವರೆಗೆ ಇದು ಹತ್ತು ನಿಮಿಷವಿತ್ತು. ಪುಟ್ಟಿಯೇ ಇದನ್ನೆಲ್ಲ ನನಗೆ ವಿವರಿಸಿದಳು. ಸಂಡಿಗೆಯ ಅಳತೆ ಹತ್ತು ಸೆಕೆಂಡಿನ ಮಾತು. ಅದನ್ನು ಮೊದಲೇ ಹೇಳಿಬಿಟ್ಟರೆ ಯಾರು ಕೂರುತ್ತಾರೆ? ಹಾಗಾಗಿ ಸೀರೆಯೂ ಸೆಕೆಯೂ ಬರುತ್ತವೆ. ಹಿಂದೆ ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ಕುತೂಹಲದ ಘಟ್ಟದಲ್ಲಿ ‘ಮುಂದುವರಿಯುವುದು’ ಎನ್ನುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಆ ಒಂದು ವಾರ ನಮ್ಮದೇ ಆಗಿರುತ್ತಿತ್ತು, ಬಟ್ಟೆ ಒಗೆಯುತ್ತ ಕಥೆ ಮುಂದುವರಿಸುತ್ತಿದ್ದೆವು.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಹೋಳಿಗೆಯ ಕಣಕ ಎಷ್ಟು ಎಳೆದರೆ ಹರಿಯುವುದಿಲ್ಲವೆಂದು ಬರೆದು ತಿಳಿಸಲು ನನ್ನಿಂದ ಆಗಿಲ್ಲ, ವಿಡಿಯೋ ಅದನ್ನು ಅರೆಕ್ಷಣದಲ್ಲಿ ಮಾಡುತ್ತದೆ. ರಂಗೋಲಿಯ ಕೈ ಓಟವೂ ಹಾಗೆಯೇ. ನಮ್ಮ ಬೀದಿಯಲ್ಲಿ ಹೂ ಕಟ್ಟುವ ಹೆಂಗಸಿಗೆ ಓದು ಬಾರದು. ಅವಳು ದಿಂಡು ಕಟ್ಟುವುದನ್ನು ಮೊಮ್ಮಗ ವಿಡಿಯೋ ಮಾಡಿ ಹಾಕಿದ್ದಾನೆ, ದೂರದೂರದವರು ನೋಡುತ್ತಾರೆ. ಬರೆಯುವ ಬ್ಲಾಗಿನ ಬಾಗಿಲು ಅವಳಿಗೆ ಎಂದೂ ತೆರೆದಿರಲಿಲ್ಲ. ಕಣ್ಣಿಗೆ ಪೊರೆ ಬಂದ ನಮ್ಮತ್ತೆ ಫೋನನ್ನು ಕಿವಿಯ ಹತ್ತಿರ ಇಟ್ಟುಕೊಂಡು ಹರಿಕಥೆ ಕೇಳುತ್ತಾರೆ. ಓದು ಬರಹ ಬಲ್ಲವರ ಗರ್ವದಿಂದ ನಾನು ಮಾತಾಡುತ್ತಿದ್ದೇನೆಂದು ಯಾರಾದರೂ ಅಂದರೆ ತಲೆ ತಗ್ಗಿಸುತ್ತೇನೆ.

ಆದರೆ ಪುಟ್ಟಿಯ ಮಗಳ ವಿಚಾರದಲ್ಲಿ ತಗ್ಗಿಸಲಾರೆ. ಬ್ಲಾಗಿನ ಕಾಲದಲ್ಲಿ ಆ ಮಗು ‘ಮರಿ’. ಎರಡು ವರ್ಷವಾದರೂ ಮರಿಗೆ ಮಾತು ಬಂದಿಲ್ಲ ಎಂಬ ತಾಯಿಯ ಭಯ ಅದರ ಕೊನೆಕೊನೆಯ ಬರಹಗಳಲ್ಲಿದೆ. ಯಾವ ಮರಿ, ಯಾರ ಮನೆ ಎಂದು ಓದಿದವರಿಗೆ ಗೊತ್ತಿರಲಿಲ್ಲ. 2023ರಲ್ಲಿ ಅವಳು ಏಳನೆಯ ತರಗತಿ. ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಬಂತು. ಪುಟ್ಟಿ ಅದನ್ನೂ ವಿಡಿಯೋ ಮಾಡಿದಳು, ಮಗಳಿಗೆ ತಾಳ್ಮೆಯಿಂದ ಬುದ್ಧಿ ಹೇಳುವ ವಿಡಿಯೋ. ಬೈಯಲಿಲ್ಲ, ಹೊಡೆಯಲಿಲ್ಲ, ಒಳ್ಳೆಯ ತಾಯಿಯಂತೆಯೇ ಮಾತಾಡಿದಳು. ಹುಡುಗಿ ಒಂದು ಸಲ ಮುಖ ತಿರುಗಿಸುತ್ತದೆ, ಪುಟ್ಟಿ ಮೆತ್ತಗೆ ಗಲ್ಲ ಹಿಡಿದು ಮತ್ತೆ ಈ ಕಡೆ ತಿರುಗಿಸುತ್ತಾಳೆ. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳಿಗೆ ಆ ಒಂದು ಚಲನೆ ಸಾಕು. ಶಾಲೆಯಲ್ಲಿ ಅವಳಿಗೆ ‘ಆರು’ ಎಂದೇ ಹೆಸರಾಯಿತು. ಹಾಜರಿ ಕೂಗುವಾಗ ಆರನೆಯ ನಂಬರಿಗೆ ಹಿಂದಿನ ಬೆಂಚಿನಲ್ಲಿ ನಗು. ಮೂರು ದಿನಕ್ಕೆ ಪುಟ್ಟಿ ವಿಡಿಯೋ ತೆಗೆದುಹಾಕಿದಳು. ಅಷ್ಟರಲ್ಲಿ ಅದು ವಾಟ್ಸಾಪಿನಲ್ಲಿ ಮನೆಮನೆ ತಿರುಗಿತ್ತು. ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬಂದಾಗ ಹುಡುಗಿ ಇದನ್ನೆಲ್ಲ ನನಗೆ ಹೇಳಿದ್ದು ಸಂಡಿಗೆ ಇಡುತ್ತ, ತಲೆ ಎತ್ತದೆ.

ಆ ಸಲ ಮಗಳನ್ನು ಕರೆದುಕೊಂಡು ಹೋಗಲು ಬಂದ ಪುಟ್ಟಿಗೆ ನಾನು ಕೇಳಿಯೇಬಿಟ್ಟೆ, “ಮೊದಲಿನ ಹಾಗೆ ಬರೀಬಾರದೇನೆ?”

ಅವಳು ಬೆಚ್ಚಿದಳು. “ಚಿಕ್ಕಮ್ಮಾ, ನೀವು ಓದ್ತಿದ್ರಾ?”

“ಎಲ್ಲಾ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದನ್ನ ಇಪ್ಪತ್ತು ಜನ ಓದ್ತಿದ್ರು ಚಿಕ್ಕಮ್ಮ. ಇದನ್ನ ಇಪ್ಪತ್ತು ಸಾವಿರ ಜನ ನೋಡ್ತಾರೆ. ಬರೆದಿದ್ದಕ್ಕೆ ನನಗೆ ಒಂದು ರೂಪಾಯಿ ಬರಲಿಲ್ಲ. ಈಗ ಇವಳ ಫೀಸು ನನ್ನ ಅಕೌಂಟಿಂದ ಹೋಗುತ್ತೆ, ಅವರ ಹತ್ತಿರ ಕೈಚಾಚಲ್ಲ. ಅತ್ತೆ ನನ್ನನ್ನ ಈಗ ಹೆಸರು ಹಿಡಿದು ಕರೀತಾರೆ, ಗೊತ್ತಾ?” ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮೂವತ್ತು ವರ್ಷದಿಂದ ತಿಂಗಳ ಸಂಬಳ ಎಣಿಸಿದವಳು ನಾನು, ದುಡ್ಡು ಬೇಡ, ಬರಹ ದೊಡ್ಡದು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಮಗಳನ್ನು ಮಾತ್ರ ತೋರಿಸಬೇಡ ಎಂದೆ. ತೋರಿಸುತ್ತಿಲ್ಲ. ಅಂದಿನಿಂದ ಅವಳ ವಿಡಿಯೋಗಳಲ್ಲಿ ಬಾಗಿಲ ಹಿಂದೆ ಒಂದು ಜೊತೆ ಚಪ್ಪಲಿ ಮಾತ್ರ ಕಾಣುತ್ತದೆ.

ನೀರಿನ ಅಳತೆಯನ್ನು ಕೊನೆಗೆ ಆ ಹಳೆಯ ಬ್ಲಾಗಿಗೇ ಹೋಗಿ ನೋಡಿಕೊಂಡೆ. ಐದು. ಅದು ಇನ್ನೂ ಅಲ್ಲೇ ಇತ್ತು. ಪುಟ್ಟಿಗೆ ಅದರ ಪಾಸ್‌ವರ್ಡು ಮರೆತು ಎಷ್ಟೋ ವರ್ಷವಾಗಿದೆ. ಆ ಕಂಪೆನಿ ಎಂದು ಬಾಗಿಲು ಹಾಕುತ್ತದೋ ಹೇಳಲಾಗದು. ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣ 2009ರಲ್ಲಿ ಅಮೆರಿಕದಲ್ಲಿ ಮುಚ್ಚಿಹೋಯಿತು. ಹಾಗಾಗಿ ಎಲ್ಲವನ್ನೂ, ಒಟ್ಟು ನಲವತ್ತೊಂದು ಬರಹ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಸ್ಪೈರಲ್ ಬೈಂಡು ಹಾಕಿಸಿದೆ. ಇನ್ನೂರ ಹತ್ತು ರೂಪಾಯಿ ಆಯಿತು. ಕಾಗುಣಿತದ ತಪ್ಪುಗಳು ಕಣ್ಣಿಗೆ ಹೊಡೆದವು, ಕೆಂಪು ಪೆನ್ನು ಕೈಯಲ್ಲೇ ಇತ್ತು, ತಿದ್ದಲಿಲ್ಲ.

ಈ ವರ್ಷ ಯುಗಾದಿಗೆ ಬಂದವಳ ಚೀಲದಲ್ಲಿ ಅದನ್ನು ಇಟ್ಟು ಕಳಿಸಿದೆ. ರೈಲು ಅರಸೀಕೆರೆ ದಾಟುವ ಹೊತ್ತಿಗೆ ಫೋನು ಬಂತು.

“ಚಿಕ್ಕಮ್ಮ, ಸಂಡಿಗೇದು ಐದು ಲೋಟ ಅಂತ ಬರೆದುಬಿಟ್ಟಿದೀನಲ್ಲ, ಅದು ಹಳೇ ಅಕ್ಕಿಗೆ. ಹೊಸ ಅಕ್ಕಿಯಾದ್ರೆ ಅರ್ಧ ಲೋಟ ಕಡಿಮೆ ಹಾಕಬೇಕು. ನಿಮ್ಮ ಹತ್ತಿರ ಇರೋ ಹಾಳೇಲಿ ತಿದ್ಕೊಳ್ಳಿ.”

“ಆಯ್ತು” ಎಂದೆ. ಮತ್ತೆ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಗಾಡಿಯ ಸದ್ದು ಕೇಳುತ್ತಿತ್ತು. ಗೌರಿಹಬ್ಬದ ಬರಹ ಹನ್ನೆರಡನೆಯ ಪುಟದಲ್ಲಿದೆ, ಸಂಡಿಗೆಯದು ಒಂಬತ್ತನೆಯದರಲ್ಲಿ. ಅಲ್ಲಿಯವರೆಗೆ ಇನ್ನೂ ಓದಿರಲಿಲ್ಲವೇನೋ.